ಎರಡು ಕಂಡೆನ್ಸರುಗಳ ಲೆಕ್ಕ

(ಅಹಮದಾಬಾದಿನಲ್ಲಿ ಹೋಟೆಲು ಕಾರ್ಮಿಕರ ರಜಾದಿನದ ಕೂಟದಲ್ಲಿ ಮಾಡಿದ ಭಾಷಣ. ಬರೋಡ ಮತ್ತು ಸೂರತ್ತಿನಿಂದ ಬಂದ ಬಂಧುಗಳೂ ಕೂಟದಲ್ಲಿದ್ದರು.)



ಮೇಜಿನ ಮೇಲಿರುವ ಈ ಡಬ್ಬಿಗಳನ್ನು ನೋಡಿ ಕೆಲವರು ನಗುತ್ತಿದ್ದೀರಿ. ಸಂಘದ ಕೆಲಸ ಮಾಡುವವನು ಸಂಬಳ, ರಜೆ, ಬೋನಸ್ಸಿನ ಮಾತು ಬಿಟ್ಟು ಮೋಟಾರು ರಿಪೇರಿಗೆ ಹೊರಟನೇ ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೇಳಿದ್ದು ನನ್ನ ಕಿವಿಗೂ ಬಿತ್ತು. ಇದೂ ಸಂಬಳದ ಮಾತೇ ಎಂದು ಈಗ ಹೇಳಿ ಸುಮ್ಮನಾಗುತ್ತೇನೆ. ಹೇಗೆಂಬುದು ಮುಂದೆ ಗೊತ್ತಾಗುತ್ತದೆ.

ಕಳೆದ ಮಳೆಗಾಲದಲ್ಲಿ ಈ ಊರಿನ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನ ಮಣಿಕಟ್ಟು ಮುರಿಯಿತು. ಹೋಟೆಲಿನ ಹೆಸರು ಬೇಡ. ಮಾತುಕತೆ ಇನ್ನೂ ನಡೆಯುತ್ತಿದೆ. ಹುಡುಗ ಅಡಿಗೆಮನೆಯ ಹೆಲ್ಪರು, ಊರಿನಿಂದ ಬಂದು ಒಂದು ವರ್ಷವೂ ಆಗಿರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಮರುದಿನದ ಇಡ್ಲಿಗೆ ರುಬ್ಬುವ ಹೊತ್ತು. ಅಕ್ಕಿ ಒಂದು ಸಲ ಆಯಿತು. ಹಿಟ್ಟು ತೋಡಿಕೊಂಡು ಉದ್ದು ಹಾಕಿ ಸ್ವಿಚ್ಚು ಒತ್ತಿದರೆ ಗ್ರೈಂಡರು ಗುಂಯ್ ಎನ್ನುತ್ತದೆಯೇ ಹೊರತು ಕಲ್ಲು ತಿರುಗುವುದಿಲ್ಲ. ಆ ದಿನ ಹೊಗೆಯ ಫ್ಯಾನು ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ಕು ಅಲ್ಲೇ ಇದ್ದ. ಅವನು ಪ್ಲಗ್ಗು ಕಿತ್ತ, ಅದರಲ್ಲಿ ತಪ್ಪಿಲ್ಲ. ಮುಚ್ಚಳ ತೆಗೆದು ಕಂಡೆನ್ಸರನ್ನು ಹೊರಕ್ಕೆ ಎಳೆದ. ತನ್ನ ಚೀಲದಲ್ಲಿದ್ದ ಅದೇ ಅಳತೆಯ ಹೊಸ ಕಂಡೆನ್ಸರಿನ ತುದಿಗಳಿಗೆ ಹಳೆಯದರ ತುದಿಗಳನ್ನು ತಾಗಿಸಿದ. ಟಪ್ ಎಂದು ಕಿಡಿ ಹಾರಿತು. "ಹಾಂ, ಖಾಲಿಯಾಯಿತು" ಎಂದು ಹಳೆಯದನ್ನು ಹುಡುಗನ ಕೈಗೆ ಕೊಟ್ಟ.

ಹುಡುಗನ ಕೈಯೆಲ್ಲ ಹಿಟ್ಟು, ನೀರು. ಬೆರಳುಗಳು ಎರಡು ತುದಿಗೂ ಒಟ್ಟಿಗೆ ತಾಗಿದವು. ಕಿರುಚಿಕೊಂಡು ಹಿಂದಕ್ಕೆ ಹಾರಿದ. ಒದ್ದೆ ನೆಲದಲ್ಲಿ ಕಾಲು ನಿಲ್ಲಲಿಲ್ಲ. ಕೈ ಹೋಗಿ ಕಟ್ಟೆಯ ಕಲ್ಲಿನ ಅಂಚಿಗೆ ಬಡಿಯಿತು. ಎರಡು ಮಾರು ಆಚೆಗೆ ಸಾಂಬಾರಿನ ಕೊಳಗ ಕುದಿಯುತ್ತಿತ್ತು. ಅದರೊಳಕ್ಕೆ ಬೀಳಲಿಲ್ಲವೆಂಬುದೊಂದೇ ಪುಣ್ಯ.

ಧಣಿಗಳು ಹೇಳಿದ್ದೇನೆಂದರೆ: "ಪ್ಲಗ್ಗು ಕಿತ್ತಿತ್ತು. ಕಂಡೆನ್ಸರು ಖಾಲಿ ಮಾಡಿದ್ದನ್ನು ನಾಲ್ಕು ಜನ ಕಣ್ಣಾರೆ ನೋಡಿದ್ದಾರೆ, ಕಿಡಿ ಬಂದದ್ದನ್ನೂ ನೋಡಿದ್ದಾರೆ. ಇಲ್ಲದ ಕರೆಂಟು ಎಲ್ಲಿಂದ ಹೊಡೆಯುತ್ತದೆ? ಹುಡುಗು ಬುದ್ಧಿ, ಒದ್ದೆ ನೆಲದಲ್ಲಿ ಓಡಿ ಜಾರಿದ. ಅದಕ್ಕೆ ನಾನೇನು ಮಾಡಲಿ?" ಮೆಕ್ಯಾನಿಕ್ಕೂ ಅದನ್ನೇ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಖಾಲಿಯಾಯಿತೆಂದು ನಿಜವಾಗಿಯೇ ನಂಬಿದ್ದ. ಒಂದು ಮಾತು ಒಪ್ಪಿಕೊಳ್ಳಬೇಕು, ನನಗೂ ಆಗ ಅನುಮಾನವೇ. ಹುಡುಗ ಆಸ್ಪತ್ರೆಯ ಮಂಚದ ಮೇಲೆ, "ಅಣ್ಣ, ದೇವರಾಣೆ, ಹೊಡೆದದ್ದು ಹೌದು" ಎಂದಾಗ ನಾನು ತಲೆಯಾಡಿಸಿದೆ, ನಂಬಲಿಲ್ಲ. ಈ ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಲೋಟ ತೊಳೆಯಲು ನಿಂತವನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು? ಬರೋಡಕ್ಕೆ ಹೋದೆ. ಬರೋಡ ವಿದ್ಯುತ್ತಿನ ಊರು. 1960ರಲ್ಲಿ ಗುಜರಾತ್ ರಾಜ್ಯವಾದಾಗ ಹುಟ್ಟಿದ ವಿದ್ಯುತ್ ಮಂಡಳಿಯ ಮುಖ್ಯ ಕಚೇರಿ ಅಲ್ಲಿಯೇ ಇತ್ತು. 2005ರಲ್ಲಿ ಮಂಡಳಿಯನ್ನು ಒಡೆದು ಕಂಪೆನಿಗಳನ್ನಾಗಿ ಮಾಡಿದ ಮೇಲೂ ದೊಡ್ಡ ಕಚೇರಿ ಅಲ್ಲಿಯೇ ಉಳಿಯಿತು. ವಿದ್ಯುತ್ ಸಾಮಾನುಗಳನ್ನು ಪರೀಕ್ಷಿಸುವ 'ಎರ್ಡಾ' ಎಂಬ ಸಂಸ್ಥೆಯೂ 1974ರಿಂದ ಆ ಊರಿನಲ್ಲಿದೆ. ನಾನು ಹೋದದ್ದು ಇಂಥ ದೊಡ್ಡ ಬಾಗಿಲುಗಳಿಗೆ ಅಲ್ಲ, ನಮ್ಮವರೇ ಆದ ಒಬ್ಬ ನಿವೃತ್ತ ವಯರ್‌ಮನ್ ಹಿರಿಯರ ಮನೆಗೆ. ಕಥೆ ಪೂರ್ತಿ ಕೇಳಿದರು. ಕೇಳಿ ಒಂದೇ ಪ್ರಶ್ನೆ ಹಾಕಿದರು: "ತಮ್ಮಾ, ಕಾಫಿ ಬಾಯ್ಲರಿನ ಪಕ್ಕದಲ್ಲಿ ಗಾಜಿನ ಕೊಳವೆ ಇರುತ್ತದಲ್ಲ, ಅದರಲ್ಲಿ ನೀರು ಎಷ್ಟು ಎತ್ತರ ಇರುತ್ತದೆ?"

"ಬಾಯ್ಲರಿನಲ್ಲಿ ಎಷ್ಟಿದೆಯೋ ಅಷ್ಟೇ" ಎಂದೆ.

"ಬಾಯ್ಲರಿನಲ್ಲಿ ಎಷ್ಟು ನೀರು ಹಿಡಿಯುತ್ತದೆ?"

"ನಲವತ್ತು ಲೀಟರು."

"ಕೊಳವೆಯಲ್ಲಿ?"

"ನಾಲ್ಕು ಚಮಚ."

"ನಿನಗೆ ಎಲ್ಲ ಗೊತ್ತಿದೆಯಲ್ಲ ಮಾರಾಯ, ಬಸ್ಸಿನ ದುಡ್ಡು ಸುಮ್ಮನೆ ದಂಡ ಮಾಡಿದೆ" ಎಂದು ನಕ್ಕರು.

ಬಂಧುಗಳೆ, ಇಲ್ಲಿಗೆ ಬಂದವರಲ್ಲಿ ಬಾಯ್ಲರು ತಿಕ್ಕದವರು ಕಡಿಮೆ. ಆದುದರಿಂದ ಮುಂದಿನ ಮಾತು ನಿಮಗೆ ಕಷ್ಟವಾಗದು.

ಕಂಡೆನ್ಸರು ಎಂದರೆ ವಿದ್ಯುತ್ತನ್ನು ತುಂಬಿ ಇಡುವ ಪಾತ್ರೆ. ಅಂಗಡಿಯಲ್ಲಿ ಕಂಡೆನ್ಸರು, ಪುಸ್ತಕದಲ್ಲಿ ಕೆಪ್ಯಾಸಿಟರು, ಕನ್ನಡ ಪಾಠಪುಸ್ತಕದಲ್ಲಿ ಧಾರಕ. ಒಳಗೆ ಎರಡು ಲೋಹದ ಹಾಳೆಗಳು. ನಡುವೆ ವಿದ್ಯುತ್ತು ದಾಟಲಾರದ ತೆಳ್ಳನೆಯ ಪದರ. ಹಾಸಿಗೆಯಂತೆ ಸುತ್ತಿ ಡಬ್ಬಿಗೆ ತುಂಬಿರುತ್ತಾರೆ. ಒಂದು ಹಾಳೆಯ ಮೇಲೆ ಧನ ಚಾರ್ಜು, ಇನ್ನೊಂದರ ಮೇಲೆ ಅಷ್ಟೇ ಋಣ ಚಾರ್ಜು; ಎರಡೂ ಒಂದನ್ನೊಂದು ಸೆಳೆದುಕೊಂಡು, ದಾಟಲಾರದೆ, ಅಲ್ಲೇ ಕುಳಿತಿರುತ್ತವೆ. ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಚಾರ್ಜು ಎಂಬುದು ನೀರು. ವೋಲ್ಟೇಜು ಎಂಬುದು ನೀರಿನ ಮಟ್ಟ. ಡಬ್ಬಿಯ ಮೇಲೆ ಬರೆದಿರುವ ಎಂ.ಎಫ್.ಡಿ., ಅಂದರೆ ಮೈಕ್ರೋಫ್ಯಾರಡ್, ಪಾತ್ರೆಯ ಅಗಲ. ಅಗಲವನ್ನು ಮಟ್ಟದಿಂದ ಗುಣಿಸಿದರೆ ನೀರೆಷ್ಟೆಂದು ಸಿಗುವಂತೆ, ಎಂ.ಎಫ್.ಡಿ.ಯನ್ನು ವೋಲ್ಟಿನಿಂದ ಗುಣಿಸಿದರೆ ಚಾರ್ಜು ಎಷ್ಟೆಂದು ಸಿಗುತ್ತದೆ. ಇಡೀ ಭಾಷಣದಲ್ಲಿ ಇರುವ ಸೂತ್ರ ಇದೊಂದೇ.

ತುಂಬಿದ ಪಾತ್ರೆಯನ್ನು ಬರಿದಾದ ಪಾತ್ರೆಗೆ ತಳದಲ್ಲಿ ಕೊಳವೆಯಿಂದ ಸೇರಿಸಿದರೆ ನೀರು ಎಲ್ಲಿಯವರೆಗೆ ಹರಿಯುತ್ತದೆ? ಮಟ್ಟ ಸಮವಾಗುವ ತನಕ. ಆಮೇಲೆ ನಿಲ್ಲುತ್ತದೆ. ನಿಂತಿತೆಂದ ಮಾತ್ರಕ್ಕೆ ಮೊದಲನೆಯ ಪಾತ್ರೆ ಬರಿದಾಯಿತೆಂದು ಯಾರಾದರೂ ಹೇಳುತ್ತಾರೆಯೇ? ಮೆಕ್ಯಾನಿಕ್ಕು ಹೇಳಿದ್ದು ಅದನ್ನೇ. ಅವನಿಗೆ ಕಿಡಿ ಕಂಡಿತು, ಅಂದರೆ ಹರಿಯುವುದು ಕಂಡಿತು. ಮಟ್ಟ ಕಾಣಲಿಲ್ಲ, ಮಟ್ಟ ನೋಡಲು ಮೀಟರು ಬೇಕು.

ಲೆಕ್ಕ ಹಾಕೋಣ. ಡಬ್ಬಿಯ ಮೇಲೆ 100 ಎಂ.ಎಫ್.ಡಿ. ಎಂದಿತ್ತು. ನಮ್ಮ ಲೈನು 230 ವೋಲ್ಟು ಎನ್ನುತ್ತೇವೆ. ಆದರೆ ಅದು ಏರಿಳಿಯುವ ಅಲೆ, ಅದರ ತುದಿ 325ರ ವರೆಗೆ ಹೋಗುತ್ತದೆ. ಕಂಡೆನ್ಸರು ಯಾವ ಗಳಿಗೆಯಲ್ಲಿ ಲೈನಿನಿಂದ ಕಡಿಯಿತೋ ಆ ಗಳಿಗೆಯ ವೋಲ್ಟೇಜು ಅದರಲ್ಲಿ ಉಳಿಯುತ್ತದೆ. 300 ಎಂದು ಹಿಡಿಯೋಣ. 100ನ್ನು 300ರಿಂದ ಗುಣಿಸಿದರೆ 30,000. ಇದು ಮೈಕ್ರೋಕೂಲಂಬ್ ಎಂಬ ಅಳತೆ, ಹೆಸರು ಮರೆತರೂ ನಷ್ಟವಿಲ್ಲ. ಹೊಸದೂ 100 ಎಂ.ಎಫ್.ಡಿ. ಆದುದರಿಂದ 30,000 ಎರಡು ಸಮಪಾಲಾಗಿ 15,000, 15,000 ಆಯಿತು. 15,000ವನ್ನು 100ರಿಂದ ಭಾಗಿಸಿ: 150 ವೋಲ್ಟು. ಹಳೆಯದರಲ್ಲಿಯೂ 150, ಹೊಸದರಲ್ಲಿಯೂ 150. ಹುಡುಗನ ಒದ್ದೆ ಕೈಗೆ ಸಿಕ್ಕಿದ್ದು ಈ 150 ವೋಲ್ಟಿನ ಡಬ್ಬಿ. ಮೊದಲು ಅಪಾಯ ಒಂದು ಡಬ್ಬಿಯಲ್ಲಿತ್ತು. ತಾಗಿಸಿದ ಮೇಲೆ ಎರಡರಲ್ಲಿ. ಆ ಹೊಸದನ್ನು ಮೆಕ್ಯಾನಿಕ್ಕು ಬರಿಗೈಯಲ್ಲಿ ತಿರುಗಿ ಚೀಲಕ್ಕೆ ಹಾಕಿಕೊಂಡನಂತೆ. ಎರಡು ತುದಿಗೆ ಬೆರಳು ತಾಗದೆ ಪಾರಾದ.

ಅವನ ಚೀಲದಲ್ಲಿ ಅಷ್ಟು ದೊಡ್ಡ ಡಬ್ಬಿಯ ಬದಲು ಮನೆಯ ಸೀಲಿಂಗ್ ಫ್ಯಾನಿನ 2.5 ಎಂ.ಎಫ್.ಡಿ.ಯದು ಇದ್ದಿದ್ದರೆ? ಆಗಲೂ ಕಿಡಿ ಹಾರುತ್ತಿತ್ತು, ಅವನು ಆಗಲೂ ಖಾಲಿಯಾಯಿತೆನ್ನುತ್ತಿದ್ದ. ಲೆಕ್ಕ ನೋಡಿ: 30,000ವನ್ನು 102.5ರಿಂದ ಭಾಗಿಸಿದರೆ ಹತ್ತಿರ ಹತ್ತಿರ 293. ಮುನ್ನೂರರಲ್ಲಿ ಏಳು ವೋಲ್ಟು ಮಾತ್ರ ಇಳಿಯಿತು! ಬಾಯ್ಲರಿನ ನೀರು ಗಾಜಿನ ಕೊಳವೆಗೆ ಹರಿದರೆ ಬಾಯ್ಲರು ಬರಿದಾಗುವುದೇ? ಅದೇ ಮಾತು. ಎರಡನೆಯದು ಎಷ್ಟು ದೊಡ್ಡದೋ ಮಟ್ಟ ಅಷ್ಟು ಇಳಿಯುತ್ತದೆ. ಎಷ್ಟೇ ದೊಡ್ಡದಾದರೂ ಸೊನ್ನೆಗೆ ಇಳಿಯದು.

ಈಗ ಕಣ್ಣಾರೆ ನೋಡಿ. ಇದು ಸ್ಕೂಟರಿನ 12 ವೋಲ್ಟಿನ ಬ್ಯಾಟರಿ. ಮೇನ್ ಲೈನಿಗೆ ಹಚ್ಚಿ ತೋರಿಸುವ ಸಾಹಸ ನಾನು ಮಾಡುವುದಿಲ್ಲ, ನೀವೂ ಮಾಡಬಾರದು. 40 ಎಂ.ಎಫ್.ಡಿ.ಯ ಡಬ್ಬಿಗೆ ಬ್ಯಾಟರಿ ತಾಗಿಸಿ ತೆಗೆದೆ. ಮೀಟರು ಎಷ್ಟು ತೋರಿಸುತ್ತದೆ? ಮುಂದೆ ಕುಳಿತವರು ಗಟ್ಟಿಯಾಗಿ ಓದಿ. 12. ಈಗ ಬರಿದಾದ 20 ಎಂ.ಎಫ್.ಡಿ.ಯದನ್ನು ಇದಕ್ಕೆ ಸೇರಿಸುತ್ತೇನೆ. ಎಷ್ಟು? 8. ನಲವತ್ತು ಹನ್ನೆರಡಲ 480, ಅಗಲ ಎರಡೂ ಸೇರಿ 60, ಭಾಗಿಸಿದರೆ 8. ದೊಡ್ಡದರಲ್ಲಿ 320, ಚಿಕ್ಕದರಲ್ಲಿ 160. ಚಾರ್ಜಿನ ಪಾಲು ಪಾತ್ರೆಯ ಅಗಲಕ್ಕೆ ತಕ್ಕಂತೆ, ಮಟ್ಟ ಮಾತ್ರ ಇಬ್ಬರಿಗೂ ಒಂದೇ. ಎರಡರಲ್ಲಿಯೂ ಮೊದಲೇ ಚಾರ್ಜು ಇದ್ದರೆ ಎರಡನ್ನೂ ಕೂಡಿಸಿ ಒಟ್ಟು ಅಗಲದಿಂದ ಭಾಗಿಸಬೇಕು. ಧನವನ್ನು ಋಣಕ್ಕೆ ತಿರುಗುಮುರುಗಾಗಿ ಕಟ್ಟಿದ್ದರೆ ಕೂಡಿಸುವ ಬದಲು ಕಳೆಯಬೇಕು. ಅಷ್ಟೇ ವ್ಯತ್ಯಾಸ.

ಬರೋಡದ ಹಿರಿಯರಲ್ಲಿ ನಾನು ಒಂದು ಅಡ್ಡಪ್ರಶ್ನೆ ಕೇಳಿದೆ. ಪ್ಲಗ್ಗು ಕಿತ್ತ ಮೋಟಾರಿನ ಕಂಡೆನ್ಸರು ಮೋಟಾರಿನ ತಂತಿಗೆ ಸೇರಿಯೇ ಇರುತ್ತದಲ್ಲ. ಆ ಸುರುಳಿಯ ಮೂಲಕವೇ ಬರಿದಾಗಬೇಡವೇ? ಧಣಿಗಳ ಕಡೆಯವರು ಇದನ್ನು ಕೇಳಿದರೆ ನಾನು ಬಾಯಿ ಮುಚ್ಚಬೇಕಾಗುತ್ತಿತ್ತು. ಅವರು ಹೀಗೆ ಬಿಡಿಸಿ ಹೇಳಿದರು.

ಮನೆಯ ಲೈನಿನ ಸಿಂಗಲ್ ಫೇಸ್ ವಿದ್ಯುತ್ತು ಮುಂದಕ್ಕೆ ಹಿಂದಕ್ಕೆ ಎಳೆದಾಡುತ್ತದೆ. ಬೀಸುವ ಕಲ್ಲಿನ ಗೂಟವನ್ನು ಒಬ್ಬರೇ ಎದುರಿಗೆ ಕುಳಿತು ನೇರ ಮುಂದಕ್ಕೂ ಹಿಂದಕ್ಕೂ ಜಗ್ಗಿದರೆ ಕಲ್ಲು ಅಲುಗುತ್ತದೆ, ತಿರುಗದು. ಪಕ್ಕದಲ್ಲಿ ಇನ್ನೊಬ್ಬರು ಕುಳಿತು, ಒಂದು ಕ್ಷಣ ತಡೆದು, ಅಡ್ಡಕ್ಕೆ ನೂಕಿದರೆ ಸುತ್ತು ಹೊಡೆಯುತ್ತದೆ. ಮೋಟಾರಿನಲ್ಲಿ ಆ ಎರಡನೆಯ ಕೈ ಎಂದರೆ ಇನ್ನೊಂದು ಸುರುಳಿ. ಅದರ ನೂಕನ್ನು ಬೇರೆ ಗಳಿಗೆಗೆ ಸರಿಸುವುದು ಕಂಡೆನ್ಸರು. ಕೆಲವು ಮೋಟಾರುಗಳಲ್ಲಿ ಅದು ಯಾವಾಗಲೂ ಕೆಲಸದಲ್ಲಿರುತ್ತದೆ. ಅಂಥದು ಪ್ಲಗ್ಗು ಕಿತ್ತೊಡನೆ ಸುರುಳಿಗಳ ಮೂಲಕ ಬರಿದಾಗುತ್ತದೆ. ಇನ್ನು ಕೆಲವಕ್ಕೆ ಎರಡನೆಯ ಕೈ ಹೊರಡುವಾಗ ಮಾತ್ರ ಬೇಕು. ವೇಗ ಮುಕ್ಕಾಲು ಪಾಲು ಏರಿದೊಡನೆ ಒಳಗಿರುವ ಒಂದು ಸ್ವಿಚ್ಚು, ತಿರುಗುವ ರಭಸಕ್ಕೆ, ತಾನಾಗಿ ಬಿಟ್ಟುಕೊಂಡು ಆ ಸುರುಳಿಯನ್ನೂ ಕಂಡೆನ್ಸರನ್ನೂ ಲೈನಿನಿಂದ ಕಡಿಯುತ್ತದೆ. ಮೋಟಾರು ನಿಂತಾಗ ಸ್ವಿಚ್ಚು ತಿರುಗಿ ಕೂಡಿಕೊಳ್ಳಬೇಕು. ಆಗ ಉಳಿದ ಚಾರ್ಜು ಹರಿದುಹೋಗುತ್ತದೆ. ನಮ್ಮ ಹೋಟೆಲಿನ ಗ್ರೈಂಡರಿನಲ್ಲಿ ಆ ಸ್ವಿಚ್ಚು ಬಿಟ್ಟದ್ದು ಬಿಟ್ಟ ಹಾಗೆಯೇ ಹಿಡಿದುಕೊಂಡಿತ್ತು. ಅಕ್ಕಿ ರುಬ್ಬಿದಾಗ ತುಂಬಿದ ಕಂಡೆನ್ಸರು ಹೊರದಾರಿಯಿಲ್ಲದೆ ತುಂಬಿಯೇ ಉಳಿಯಿತು. ಎರಡನೆಯ ಸಲ ಕಲ್ಲು ತಿರುಗದೆ ಗುಂಯ್‌ಗುಟ್ಟಿದ್ದಕ್ಕೂ ಅದೇ ಕಾರಣ. ಕಂಡೆನ್ಸರು ಕೆಟ್ಟಿರಲೇ ಇಲ್ಲ! ಕೆಟ್ಟದ್ದು ಸ್ವಿಚ್ಚು. ಆಮೇಲೆ ಹೊಸ ಕಂಡೆನ್ಸರು ಹಾಕಿಯೂ ಗ್ರೈಂಡರು ತಿರುಗಲಿಲ್ಲವೆಂದು ಅಡಿಗೆಯ ಭಟ್ಟರು ನನಗೆ ಹೇಳಿದ್ದರು; ಆ ಮಾತಿನ ಬೆಲೆ ನನಗೆ ತಿಳಿದದ್ದು ಬರೋಡದಲ್ಲಿ.

ಕಂಡೆನ್ಸರು ಲೋಕಕ್ಕೆ ತಿಳಿದದ್ದೇ ಹೊಡೆತದಿಂದ ಎಂದು ಅವರು ಹೇಳಿದರು. 1745-46ರಲ್ಲಿ ಜರ್ಮನಿಯ ಕ್ಲೈಸ್ಟ್ ಎಂಬವರಿಗೂ ಹಾಲೆಂಡಿನ ಲೈಡನ್ ಊರಿನ ಮುಶೆನ್‌ಬ್ರೂಕ್ ಎಂಬ ಪಂಡಿತರಿಗೂ ನೀರು ತುಂಬಿದ ಗಾಜಿನ ಜಾಡಿಯನ್ನು ಕೈಯಲ್ಲಿ ಹಿಡಿದಾಗ ಪೆಟ್ಟು ಬಿತ್ತು. ಒಳಗಿನ ನೀರು ಒಂದು ಹಾಳೆ, ಹೊರಗೆ ಹಿಡಿದ ಅಂಗೈ ಇನ್ನೊಂದು ಹಾಳೆ, ನಡುವೆ ಗಾಜು. 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ರಾಜನ ಎದುರು 180 ಮಂದಿ ಸಿಪಾಯಿಗಳನ್ನು ಕೈಕೈ ಹಿಡಿಸಿ ನಿಲ್ಲಿಸಿ, ಅಂಥ ಜಾಡಿಯಿಂದ ಎಲ್ಲರನ್ನೂ ಒಟ್ಟಿಗೆ ಹಾರಿಸಿ ತೋರಿಸಿದನಂತೆ. ಸಿಪಾಯಿಗಳಿಗೆ ಯಾರಾದರೂ ಭತ್ಯ ಕೊಟ್ಟರೋ ಇಲ್ಲವೋ!

ಬರೋಡದಿಂದ ಬಂದು ಧಣಿಗಳಲ್ಲಿ ಒಂದು ಮಾತು ಕೇಳಿದೆ. ಈ ಊರಿನಲ್ಲಿ 1918ರ ಗಿರಣಿ ಮುಷ್ಕರ ಮುಗಿದದ್ದು ಪಂಚರ ತೀರ್ಪಿನಿಂದ. ಗಾಂಧೀಜಿ ಉಪವಾಸ ಕುಳಿತರು, ಆನಂದಶಂಕರ ಧ್ರುವರು ಪಂಚರಾದರು, ಕೂಲಿಗಾರರು ಕೇಳಿದ ಶೇಕಡ 35 ಸಿಕ್ಕಿತು. ಅದರ ಬೆನ್ನಿಗೆ 1920ರಲ್ಲಿ ಅನಸೂಯಾಬೆನ್ ಅವರ ಮಜೂರ್ ಮಹಾಜನ ಹುಟ್ಟಿತು. ನಮ್ಮದು ಅಷ್ಟು ದೊಡ್ಡ ತಂಟೆಯಲ್ಲ. ಆದುದರಿಂದ ಮೀಟರನ್ನೇ ಪಂಚನನ್ನಾಗಿ ಮಾಡೋಣ, ನೀವೂ ಬನ್ನಿ, ಮೆಕ್ಯಾನಿಕ್ಕೂ ಬರಲಿ ಎಂದೆ. ಬಂದರು. ಇದೇ ಬ್ಯಾಟರಿ. ನಾನು ತೋರಿಸಲಿಲ್ಲ, ಮೆಕ್ಯಾನಿಕ್ಕಿನ ಕೈಯಿಂದಲೇ ಮಾಡಿಸಿದೆ. ಅವನು ಎರಡು ಸಲ ಮಾಡಿದ. ಎರಡು ಸಲವೂ 12 ಇದ್ದದ್ದು 6ಕ್ಕೆ ಬಂದು ನಿಂತಿತು. ಅವನು ಮೀಟರನ್ನು ಮೇಜಿನ ಮೇಲಿಟ್ಟು, "ಸೇಠ್, ಹುಡುಗ ಹೇಳಿದ್ದು ನಿಜ" ಎಂದ. ಗುಜರಾತಿಯಲ್ಲಿ ಹೇಳಿದ, ಎಲ್ಲರಿಗೂ ಅರ್ಥವಾಯಿತು. ತನ್ನ ತಪ್ಪನ್ನು ತಾನೇ ಒಪ್ಪಿದ ಆ ಮನುಷ್ಯನ ಮೇಲೆ ನನಗೆ ಗೌರವವಿದೆ.

ಧಣಿಗಳು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅವರು ಕೇಳಿದ್ದು ಜಾಣ ಪ್ರಶ್ನೆ: "ಅರ್ಧ ಅಲ್ಲಿಗೆ ಹೋಯಿತು, ಅರ್ಧ ಇಲ್ಲಿ ಉಳಿಯಿತು, ಸರಿ. ಹಾಗಾದರೆ ಕಿಡಿ ಯಾವ ಲೆಕ್ಕದ್ದು? ನಿನ್ನ ಖಾತೆಯಲ್ಲಿ ಅದು ಬರಲಿಲ್ಲವಲ್ಲ." ಗಲ್ಲೆಯ ಮೇಲೆ ಕುಳಿತು ಬೆಳೆದವರ ಕಣ್ಣಿಗೆ ಜಮಾ ಖರ್ಚಿನ ವ್ಯತ್ಯಾಸ ಬೇಗ ಕಾಣುತ್ತದೆ. ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿಯೇ ಬರೋಡಕ್ಕೆ ಫೋನು ಮಾಡಿದೆ.

ಚಾರ್ಜು ಬೇರೆ, ಅದರಲ್ಲಿ ಅಡಗಿದ ಶಕ್ತಿ ಬೇರೆ. ಮಾಳಿಗೆಯ ಟ್ಯಾಂಕು ನೆನೆಸಿಕೊಳ್ಳಿ. ತುಂಬಿದ ಟ್ಯಾಂಕಿನಿಂದ ಅಷ್ಟೇ ದೊಡ್ಡ ಬರಿದಾದ ಟ್ಯಾಂಕಿಗೆ ಕೊಳವೆ ಬಿಟ್ಟರೆ ನೀರು ಒಂದು ತಂಬಿಗೆಯೂ ಕಡಿಮೆಯಾಗದು. ಆದರೆ ಎತ್ತರದಲ್ಲಿದ್ದ ನೀರೆಲ್ಲ ಕೆಳಗಿಳಿಯಿತು. ಅದನ್ನು ಮತ್ತೆ ಮೊದಲಿನ ಎತ್ತರಕ್ಕೆ ಏರಿಸಬೇಕಾದರೆ ನಾವು ದುಡಿಯಬೇಕು. ಇಳಿಯುವಾಗ ಆ ಶಕ್ತಿ ಸುಳಿ, ಸದ್ದು, ತಿಕ್ಕಾಟದಲ್ಲಿ ಕರಗಿತು. ಕಂಡೆನ್ಸರಿನಲ್ಲಿಯೂ ಹಾಗೆಯೇ. ಶಕ್ತಿಯ ಲೆಕ್ಕ: ಅಗಲವನ್ನು ಮಟ್ಟದಿಂದ ಎರಡು ಸಲ ಗುಣಿಸಿ ಅರ್ಧ ಮಾಡಬೇಕು. 100 ಎಂ.ಎಫ್.ಡಿ., 300 ವೋಲ್ಟಿಗೆ 4.5 ಜೂಲು. ಒಂದು ಲೀಟರು ನೀರಿನ ಚೊಂಬನ್ನು ಒಂದೂವರೆ ಅಡಿ ಎತ್ತುವಷ್ಟು. ಹೆಚ್ಚೇನಲ್ಲ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳಿನೊಳಗೆ ಹೊಕ್ಕರೆ ಸಾಕು. ಹಂಚಿಕೆಯಾದ ಮೇಲೆ ಒಂದೊಂದರಲ್ಲಿ 1.125 ಜೂಲು, ಎರಡೂ ಸೇರಿ 2.25. ಉಳಿದ 2.25 ಎಲ್ಲಿ? ಕಿಡಿಯಲ್ಲಿ, ತಂತಿಯ ಬಿಸಿಯಲ್ಲಿ, ಟಪ್ ಎಂಬ ಸದ್ದಿನಲ್ಲಿ.

ಇದರಲ್ಲಿ ನನಗೆ ಬಹಳ ಸೋಜಿಗವಾದ ಸಂಗತಿ ಇನ್ನೊಂದಿದೆ. ದಪ್ಪ ತಂತಿ ಹಾಕಿದರೆ ನಷ್ಟ ಕಡಿಮೆಯಾಗುತ್ತದೆಂದು ನಾನು ಎಣಿಸಿದ್ದೆ. ಆಗುವುದಿಲ್ಲ. ತೆಳ್ಳಗಿನ ತಂತಿಯಾದರೆ ನಿಧಾನವಾಗಿ, ದಪ್ಪವಾದರೆ ಥಟ್ಟನೆ. ಸಮ ಅಳತೆಯ ಎರಡು ಕಂಡೆನ್ಸರುಗಳ ನಡುವೆ ಹೋಗುವುದು ಮಾತ್ರ ಅರ್ಧವೇ. ತಂತಿಗೆ ತಡೆಯೇ ಇಲ್ಲವೆಂದು ಎಣಿಸಿದರೂ ಚಾರ್ಜು ಉಯ್ಯಾಲೆಯಂತೆ ಆಚೆ ಈಚೆ ತೂಗಾಡಿ ಕೊನೆಗೆ ರೇಡಿಯೋ ಅಲೆಯಾಗಿ ಹೊರಬಿದ್ದು ಸಮವಾಗುತ್ತದಂತೆ. ಮರುದಿನ ಧಣಿಗಳಿಗೆ ಇದನ್ನು ಹೇಳಿದೆ. ಅವರು ಕಾಫಿ ತರಿಸಿದರು. ಆಸ್ಪತ್ರೆಯ ಖರ್ಚು ಪೂರ್ತಿ ಕೊಟ್ಟರು. ಕೆಲಸವಿಲ್ಲದೆ ಕುಳಿತ ದಿನಗಳ ಸಂಬಳದ ಮಾತು ಇನ್ನೂ ಇತ್ಯರ್ಥವಾಗಿಲ್ಲ. 1923ರ ಪರಿಹಾರ ಕಾಯಿದೆಯ ಕಾಲದಿಂದಲೂ ಕೇಳುವ ಪ್ರಶ್ನೆ, ಪೆಟ್ಟು ಕೆಲಸದ ವೇಳೆಯಲ್ಲಿ ಕೆಲಸದ ಕಾರಣದಿಂದ ಆಯಿತೇ ಎಂಬುದು. ಆಯಿತೆಂದು ಮೀಟರು ಹೇಳಿದೆ. ಜಾರಿಬಿದ್ದನೆಂಬ ಮಾತನ್ನು ಇನ್ನು ಯಾರೂ ಎತ್ತುವಂತಿಲ್ಲ.

ಸೂರತ್ತಿನಿಂದ ಬಂದ ಮಿತ್ರರೊಬ್ಬರು ಬೇರೊಂದು ತೊಡಕು ತಂದಿದ್ದಾರೆ. ಅವರು ಹೋಟೆಲು ಬಿಟ್ಟು ಪವರ್‌ಲೂಮ್ ಶೆಡ್ಡಿನಲ್ಲಿ ವಯರಿಂಗ್ ಕೆಲಸ ಕಲಿತವರು. ಸೂರತ್ತಿನ ಶೆಡ್ಡುಗಳಲ್ಲಿ ಸಾಲು ಸಾಲು ಮಗ್ಗ, ಮಗ್ಗಕ್ಕೊಂದು ಮೋಟಾರು. ಮೋಟಾರು ತನ್ನ ಅಯಸ್ಕಾಂತಕ್ಕೆಂದು ಲೈನಿನಿಂದ ಎಳೆದು ಮತ್ತೆ ಹಿಂದಕ್ಕೆ ಕೊಡುವ ವಿದ್ಯುತ್ತು ಒಂದಷ್ಟಿರುತ್ತದೆ; ಅದನ್ನು ಹತ್ತಿರದಲ್ಲೇ ಇದ್ದು ಒದಗಿಸಲೆಂದು ಕಂಡೆನ್ಸರುಗಳನ್ನು ಹಾಕುತ್ತಾರೆ. ಇಲ್ಲವಾದರೆ ಪವರ್ ಫ್ಯಾಕ್ಟರು ಇಳಿದು ಲೈನಿನ ಮೇಲೆ ಭಾರ ಬೀಳುತ್ತದೆ. ಅಲ್ಲಿ ಲೈನು 440 ವೋಲ್ಟು. ಕೈಯಲ್ಲಿದ್ದದ್ದು 250 ವೋಲ್ಟು ತಾಳುವ ಎರಡು ಕಂಡೆನ್ಸರು: ಒಂದು 20, ಒಂದು 60 ಎಂ.ಎಫ್.ಡಿ. ಇನ್ನೂರೈವತ್ತೂ ಇನ್ನೂರೈವತ್ತೂ ಐನೂರಾಯಿತು, 440ಕ್ಕೆ ಧಾರಾಳವಾಯಿತೆಂದು ಒಂದರ ಬೆನ್ನಿಗೆ ಒಂದನ್ನು ಸಾಲಾಗಿ ಕಟ್ಟಿದರು. ಚಿಕ್ಕದು ಉಬ್ಬಿ ಒಡೆಯಿತು, ಅದರ ಬೆನ್ನಿಗೆ ದೊಡ್ಡದೂ ಹೋಯಿತು. ಏಕೆ ಎಂದು ಅವರ ಪ್ರಶ್ನೆ.

ಇಷ್ಟು ಹೊತ್ತು ನಾವು ನೋಡಿದ್ದು ಪಕ್ಕಪಕ್ಕ ಕಟ್ಟಿದ ಪಾತ್ರೆಗಳನ್ನು. ಅಲ್ಲಿ ಮಟ್ಟ ಸಮ, ನೀರು ಹೆಚ್ಚು ಕಡಿಮೆ. ಸಾಲಾಗಿ ಕಟ್ಟಿದಾಗ ಎಲ್ಲ ತಲೆಕೆಳಗು. ಎರಡು ಕಂಡೆನ್ಸರುಗಳ ನಡುವಣ ತಂತಿಗೆ ಹೊರಗಿನ ಸಂಬಂಧವೇ ಇಲ್ಲ. ಒಂದರ ಹಾಳೆಯಿಂದ ಹೊರಟದ್ದು ಇನ್ನೊಂದರ ಹಾಳೆಗೇ ಬರಬೇಕು. ಆದುದರಿಂದ ಎರಡಕ್ಕೂ ಚಾರ್ಜು ಸರಿಸಮ. ಅಗಲವಾದ ಹಂಡೆಗೂ ಸಪೂರ ಚೊಂಬಿಗೂ ಒಂದೊಂದೇ ಲೋಟ ನೀರು ಹೊಯ್ದು ನೋಡಿ. ಯಾವುದರಲ್ಲಿ ಮಟ್ಟ ಏರುತ್ತದೆ? ಚೊಂಬಿನಲ್ಲಿ. 20ಕ್ಕೂ 60ಕ್ಕೂ ಒಂದೇ ಚಾರ್ಜಾದರೆ 20ರದರಲ್ಲಿ ಮೂರು ಪಾಲು ವೋಲ್ಟು, 60ರದರಲ್ಲಿ ಒಂದು ಪಾಲು. 440ರಲ್ಲಿ ಚಿಕ್ಕದಕ್ಕೆ 330, ದೊಡ್ಡದಕ್ಕೆ 110. ತಾಳುವುದು 250, ಹೇರಿದ್ದು 330, ಸತ್ತಿತು. ಸತ್ತು ಒಳಗೇ ಕೂಡಿಕೊಂಡಿತು; ಆಗ 440 ಪೂರ್ತಿ ದೊಡ್ಡದರ ಮೇಲೆ ಬಿತ್ತು. ಅದಾದರೂ ಎಷ್ಟು ಹೊತ್ತು ತಾಳೀತು? ಸಾಲದ್ದಕ್ಕೆ, ಸಾಲಾಗಿ ಕಟ್ಟಿದರೆ ಎರಡೂ ಸೇರಿದ ಅಳತೆ 80 ಆಗುವುದಿಲ್ಲ, ಬರೀ 15. ಮಿತ್ರರೆ, 440ಕ್ಕೆಂದೇ ಮಾಡಿದ ಒಂದನ್ನು ಕೊಂಡುಹಾಕಿ. ಕೊಡಿಸಬೇಕಾದವರು ಶೆಡ್ಡಿನ ಸೇಠರು. ನೀವು ಕೈಯಿಂದ ದುಡ್ಡು ಹಾಕಬೇಡಿ.

ಶೆಡ್ಡುಗಳಲ್ಲಿರುವ ಅಂಥ ದೊಡ್ಡ ಡಬ್ಬಿಗಳ ಒಳಗೆ ಬರಿದು ಮಾಡಲೆಂದೇ ಒಂದು ರೆಸಿಸ್ಟರು ಇಡುತ್ತಾರೆ. ಲೈನು ಕಡಿದ ಮೇಲೆ 3 ನಿಮಿಷದೊಳಗೆ 75 ವೋಲ್ಟಿಗೋ ಅದಕ್ಕೂ ಕೆಳಗೋ ಇಳಿಯಬೇಕೆಂದು ಐಇಸಿ 60831 ಎಂಬ ಅಂತರರಾಷ್ಟ್ರೀಯ ಕಟ್ಟಳೆ ಹೇಳುತ್ತದೆ. 75 ಎಂದರೂ ಸೊನ್ನೆಯಲ್ಲ ನೋಡಿ. ಆ ರೆಸಿಸ್ಟರು ಸುಟ್ಟುಹೋಗಿದ್ದರೆ 3 ನಿಮಿಷ ಕಾದದ್ದೂ ವ್ಯರ್ಥ. ನಮ್ಮ ಗ್ರೈಂಡರಿನ ಡಬ್ಬಿಯಲ್ಲಿ ಅಂಥದು ಇರಲೇ ಇಲ್ಲ.

ಹಾಗಾದರೆ ಬರಿದು ಮಾಡುವುದು ಹೇಗೆ? ಸ್ಕ್ರೂ ಡ್ರೈವರು ಅಡ್ಡ ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅದರಿಂದ ಬರಿದಾಗುವುದು ನಿಜ. ಕಿಡಿ ಸಿಡಿದು ಕಣ್ಣಿಗೆ ಬಿದ್ದೀತು, ತುದಿ ಕರಗೀತು, ಕೈ ಜಾರೀತು. ಹಿರಿಯರು ಹೇಳಿದ ದಾರಿ ಇದು: ಹೋಲ್ಡರಿಗೆ ತಂತಿಯ ಬಲ್ಬು ಹಾಕಿ, 60 ವಾಟಿನದು ಸಾಕು, ಹೋಲ್ಡರಿನಿಂದ ಎರಡು ಪ್ಲಾಸ್ಟಿಕ್ ಹೊದಿಕೆಯ ವಯರು ತೆಗೆದು ಅವುಗಳ ತುದಿಯನ್ನು ಕಂಡೆನ್ಸರಿಗೆ ಐದು ಸೆಕೆಂಡು ತಾಗಿಸಿ ಹಿಡಿಯುವುದು. ಎಲ್‌.ಇ.ಡಿ. ಬಲ್ಬು ನಡೆಯದು. ತಂತಿಯ ಬಲ್ಬು ಸಿಗದಿದ್ದರೆ 10 ಕಿಲೋ ಓಮಿನ, 10 ವಾಟಿನ ರೆಸಿಸ್ಟರು, 100 ಎಂ.ಎಫ್.ಡಿ.ಗೆ ಹತ್ತು ಸೆಕೆಂಡು ಹಿಡಿದರೆ ಆಯಿತು. ಆಮೇಲೆ ಮೀಟರು ಇಟ್ಟು ನೋಡಬೇಕು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು; ಏಕೆಂದರೆ ಒಳಗಿನ ಪದರದಲ್ಲಿ ಹೀರಿಕೊಂಡಿದ್ದ ಚಾರ್ಜು, ಹಿಂಡಿಟ್ಟ ಬಟ್ಟೆಯಿಂದ ಮತ್ತೆ ನೀರು ಜಿನುಗುವಂತೆ, ಸ್ವಲ್ಪ ಸ್ವಲ್ಪವಾಗಿ ತುದಿಗೆ ಬರುತ್ತದೆ. ಕೊನೆಗೆ ಎರಡು ತುದಿಗೂ ಒಂದು ತುಂಡು ತಂತಿ ಕಟ್ಟಿಯೇ ಬದಿಗಿಡಬೇಕು.

ಈ ಕೆಲಸ ಮಾಡಬೇಕಾದವನು ಮೆಕ್ಯಾನಿಕ್ಕು, ಅಡಿಗೆಮನೆಯ ಹುಡುಗನಲ್ಲ. ಸಂಘದ ಬೇಡಿಕೆಪಟ್ಟಿಗೆ ಈ ಸಲ ಎರಡು ಸಾಲು ಸೇರಿಸಿದ್ದೇವೆ: ರಿಪೇರಿಯ ಹೊತ್ತಿನಲ್ಲಿ ಹೆಲ್ಪರನ ಕೈಗೆ ಯಾವ ಭಾಗವನ್ನೂ ಕೊಡಕೂಡದು, ಪ್ರತಿ ಅಡಿಗೆಮನೆಯಲ್ಲಿಯೂ ಒಂದು ಮೀಟರು, ಒಂದು ಬಲ್ಬಿನ ಹೋಲ್ಡರು ಇರಬೇಕು. ಎರಡೂ ಸೇರಿ ಒಂದು ದಿನದ ಇಡ್ಲಿ ವ್ಯಾಪಾರದಷ್ಟೂ ಖರ್ಚಿಲ್ಲ. ಬರೋಡದ ಮೂರು ಹೋಟೆಲುಗಳಲ್ಲಿ ಒಪ್ಪಿದ್ದಾರೆ. ಈ ಊರಿನಲ್ಲಿ ಮಾತುಕತೆ ಆಗಬೇಕು. ಸೂರತ್ತಿನವರು ನಿಮ್ಮ ನಿಮ್ಮ ಅಡಿಗೆಮನೆಗಳ ಗ್ರೈಂಡರು, ಪಂಪು ಯಾವ ಬಗೆಯವೆಂದು ಬರೆದು ಕಳಿಸಿ.

ಆ ಹುಡುಗ ಇಲ್ಲಿಯೇ ಕುಳಿತಿದ್ದಾನೆ. ಹೆಸರು ಹೇಳಿದರೆ ನಾಚಿಕೊಳ್ಳುತ್ತಾನೆ. ಪಟ್ಟಿ ಬಿಚ್ಚಿದ್ದಾರೆ, ಭಾರ ಎತ್ತಲು ಇನ್ನೂ ಒಂದು ತಿಂಗಳು ಬೇಡವೆಂದಿದ್ದಾರೆ ಡಾಕ್ಟರು. ಅವನಲ್ಲಿ ನಾನು ಒಂದು ಕ್ಷಮೆ ಕೇಳುವುದಿತ್ತು, ಆಸ್ಪತ್ರೆಯಲ್ಲಿ ನಂಬದೆ ತಲೆಯಾಡಿಸಿದ್ದಕ್ಕೆ. ಈಗ ಎಲ್ಲರೆದುರು ಕೇಳಿದ್ದೇನೆ.

ಡಬ್ಬಿಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಬನ್ನಿ. ಸ್ವಲ್ಪ ತಡೆಯಿರಿ, ಇವುಗಳಲ್ಲಿ ಇನ್ನೂ 8 ವೋಲ್ಟು ಇದೆ. 8ರಿಂದ ಏನೂ ಆಗದು, ಆದರೂ ಬಲ್ಬು ತಾಗಿಸಿ ಮೀಟರು ನೋಡಿಯೇ ನಿಮ್ಮ ಕೈಗೆ ಕೊಡುತ್ತೇನೆ.